ಕಪ್ಪೆ ತಿನ್ನುವ ನೊಣದ ಮನೆತನ ಯಾವುದು?

ಯುರೋಪಿನ ನೆಲಗಪ್ಪೆಯ ಮೈಮೇಲೆ ಒಂದು ಮಿರುಗುವ ಹಸಿರು ನೊಣ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳುಗಳು ಕಪ್ಪೆಯ ಮೂಗಿನ ಹೊಳ್ಳೆಗಳೊಳಗೆ ಸೇರಿಕೊಂಡು ಅದರ ಮಾಂಸವನ್ನು ತಿನ್ನುತ್ತವೆ. ಹೆಚ್ಚಿನ ಕಪ್ಪೆಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಈ ನೊಣಕ್ಕೆ ಮೊನಿಯೆ 1876ರಲ್ಲಿ ಇಟ್ಟ ಹೆಸರು ಲುಸಿಲಿಯ ಬುಫೊನಿವೊರ. ಬುಫೊನಿವೊರ ಎಂದರೆ ನೆಲಗಪ್ಪೆ ತಿನ್ನುವುದು ಎಂದರ್ಥ.

ಹಾಗಾದರೆ ಕಪ್ಪೆಗೆ ಅಂಟುವ ನೊಣಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿಬಿಡಬಹುದೆ? ಬೇಡ ಎನ್ನುವುದು ನನ್ನ ವಾದ. ಆಸ್ಟ್ರೇಲಿಯದ ಬಟ್ರಕೋಮಿಯ ನೊಣದ ಮರಿ ಕಪ್ಪೆಯ ಚರ್ಮದಡಿ ಬೆಳೆಯುತ್ತದೆ. ಎಷ್ಟೋ ಸಲ ಅದು ಹೊರಬಿದ್ದ ಮೇಲೂ ಕಪ್ಪೆ ಬದುಕುಳಿಯುತ್ತದೆ. ಆದರೆ ಬಟ್ರಕೋಮಿಯದ ಕುಟುಂಬ ಕ್ಲೋರೊಪಿಡೆ. ಅದರ ನೆಂಟರಲ್ಲಿ ಹುಲ್ಲು, ಪೈರಿನ ಕಾಂಡ ಕೊರೆಯುವ ನೊಣಗಳೇ ಹಲವು. ಅಮೆರಿಕ ಖಂಡಗಳಲ್ಲಿ ಕಪ್ಪೆಗಳನ್ನು ಕಾಡುವ ಇನ್ನು ಕೆಲವು ನೊಣಗಳು ಸಾರ್ಕೊಫಾಜಿಡೆ ಕುಟುಂಬದವು. ಇವು ಮೊಟ್ಟೆಯ ಬದಲು ಜೀವಂತ ಮರಿಗಳನ್ನೇ ಹಾಕುತ್ತವೆ. ಏಷ್ಯಾದ ಕೈಯುಸ ನೊಣಗಳ ಮರಿಗಳಂತೂ ಮರಗಪ್ಪೆಗಳ ನೊರೆಗೂಡಿನಲ್ಲಿರುವ ಮೊಟ್ಟೆಗಳನ್ನು ತಿನ್ನುತ್ತವೆ. ಕಸುಬು ಹತ್ತಿರ ಹತ್ತಿರದ್ದೇ, ವಂಶ ಬೇರೆ ಬೇರೆ. ಮೀನು ಹಿಡಿಯುತ್ತವೆಂದು ಮಿಂಚುಳ್ಳಿಯನ್ನೂ ನೀರುನಾಯಿಯನ್ನೂ ಒಂದೇ ಮನೆಯವರೆಂದರೆ ಯಾರು ಒಪ್ಪುತ್ತಾರೆ?

ಇದಕ್ಕೆ ತದ್ವಿರುದ್ಧವಾದುದೂ ಇದೆ. ಗಾಯದ ಕೊಳೆತ ಭಾಗವನ್ನು ಶುಚಿ ಮಾಡಲು ವೈದ್ಯರು ಬಳಸುವ ಹುಳು ಲುಸಿಲಿಯ ಸೆರಿಕಾಟ. ಕುರಿಯ ಚರ್ಮ ತಿಂದು ಆಸ್ಟ್ರೇಲಿಯದ ಸಾಕಣೆದಾರರ ನಿದ್ದೆಗೆಡಿಸುವುದು ಲುಸಿಲಿಯ ಕುಪ್ರಿನ. ಎರಡೂ ಬುಫೊನಿವೊರ ಇರುವ ಕುಲದವೇ. ಟೌನ್‌ಸೆಂಡ್ 1919ರಲ್ಲಿ ಬುಫೊನಿವೊರಕ್ಕಾಗಿ ಬುಫೊಲುಸಿಲಿಯ ಎಂಬ ಪ್ರತ್ಯೇಕ ಕುಲವನ್ನೇ ಕಟ್ಟಿದ. ಇಂದು ಬಹುಪಾಲು ತಜ್ಞರು ಅದನ್ನು ಮತ್ತೆ ಲುಸಿಲಿಯದಲ್ಲೇ ಇರಿಸಿದ್ದಾರೆ. ಅದರ ಅತಿ ಹತ್ತಿರದ ನೆಂಟ ಲುಸಿಲಿಯ ಸಿಲ್ವಾರಮ್ ಸತ್ತ ಪ್ರಾಣಿಗಳ ಮೇಲೂ ಬೆಳೆಯುತ್ತದೆ, ಅವಕಾಶ ಸಿಕ್ಕರೆ ಕಪ್ಪೆಯ ಮೇಲೂ.

ಇದು ಬರೀ ಹೆಸರಿನ ಜಗಳವಲ್ಲ. ಈ ಎರಡು ನೊಣಗಳನ್ನು ಕಣ್ಣಳತೆಯಲ್ಲಿ ಗುರುತಿಸುವುದು ಕಷ್ಟ, ಮರಿಹುಳುಗಳನ್ನಂತೂ ಇನ್ನೂ ಕಷ್ಟ. ಉತ್ತರ ಅಮೆರಿಕದಲ್ಲಿ ಬುಫೊನಿವೊರ ಇದೆ ಎಂಬ ಮೊದಲ ದಾಖಲೆ ಪ್ರಕಟವಾದದ್ದು 2014ರಲ್ಲಿ. ಹೀಗಿರುವಾಗ ಅಲ್ಲಿ ಕಪ್ಪೆಯ ಮೈಯಲ್ಲಿ ಹುಳು ಕಂಡಾಗಲೆಲ್ಲ ಸಿಲ್ವಾರಮ್ ಎಂದು ಬರೆದಿಟ್ಟ ಹಳೆಯ ದಾಖಲೆಗಳನ್ನು ಎಷ್ಟರಮಟ್ಟಿಗೆ ನಂಬುವುದು? ಕಪ್ಪೆ ಸಿಕ್ಕರೆ ತಿನ್ನುವ ನೊಣವೂ ಕಪ್ಪೆಯಿಲ್ಲದೆ ಬದುಕಲಾರದ ನೊಣವೂ ಒಂದೇ ಅಲ್ಲ. ಮೊದಲನೆಯದಕ್ಕೆ ಕಪ್ಪೆ ಅಳಿದರೂ ಚಿಂತೆಯಿಲ್ಲ. ಎರಡನೆಯದು ಕಪ್ಪೆಯೊಂದಿಗೇ ಅಳಿಯುತ್ತದೆ.

ಜಗತ್ತಿನ ಉಭಯವಾಸಿಗಳಲ್ಲಿ ಸುಮಾರು ಶೇ. 41ರಷ್ಟು ಪ್ರಭೇದಗಳು ಅಪಾಯದಲ್ಲಿವೆ. ಸತ್ತ ಕಪ್ಪೆ ಕಂಡರೆ ಶಿಲೀಂಧ್ರ ರೋಗದ ಪರೀಕ್ಷೆ ನಡೆಯುತ್ತದೆ; ಅದು ಬೇಕಾದದ್ದೇ. ಆದರೆ ಮೈಯಲ್ಲಿನ ಹುಳುವನ್ನು ತೊಳೆದು ಎಸೆದರೆ ಅರ್ಧ ಸಾಕ್ಷ್ಯ ಹೋದಂತೆ. ಕೆಲವನ್ನು ಮದ್ಯಸಾರದಲ್ಲಿಡಬೇಕು, ಕೆಲವನ್ನು ನೊಣವಾಗುವವರೆಗೆ ಸಾಕಬೇಕು. ಪಶ್ಚಿಮ ಘಟ್ಟದ ಮರಗಪ್ಪೆಗಳೂ ನೊರೆಗೂಡು ಕಟ್ಟುತ್ತವೆ. ಆ ಗೂಡುಗಳ ಫೋಟೋ ತೆಗೆಯಲು ಉತ್ಸಾಹಿಗಳಿಗೆ ಬರವಿಲ್ಲ. ಒಳಗಿನ ಹುಳುವನ್ನು ಹೆಸರಿಡಿದು ಕರೆಯಬಲ್ಲವರಿಗೂ ಸಂಬಳದ ಕೆಲಸ ಸಿಗಬೇಕು. ಕಪ್ಪೆಯನ್ನು ಉಳಿಸುವ ಹಣದಲ್ಲಿ ಒಂದು ಪಾಲು ನೊಣ ಬಲ್ಲವರಿಗೂ ಸಲ್ಲಲಿ.