ಅನುದಾನ ದಿಲ್ಲಿಯದು, ಧರೆ ನಮ್ಮದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಬಯಲುಸೀಮೆಗೂ ಮಲೆನಾಡಿಗೂ ಸಮಾನವಾದುದು. ಆದರೆ ಮಲೆನಾಡಿನಲ್ಲಿ ಮನೆ ಕಟ್ಟುವವನು ಮೊದಲು ನೆಲವನ್ನೇ ಕಟ್ಟಿಕೊಳ್ಳಬೇಕಾಗುತ್ತದೆ. ಗುಡ್ಡದ ಇಳಿಜಾರನ್ನು ಕಡಿದು ಮಟ್ಟ ಮಾಡಬೇಕು, ಹಿಂಬದಿಯ ಧರೆಗೆ ಕಲ್ಲು ಕಟ್ಟಬೇಕು, ಮೇಲಿನಿಂದ ಇಳಿದು ಬರುವ ಮಳೆನೀರಿಗೆ ಬೇರೆ ಹಾದಿ ತೋರಿಸಬೇಕು. ಇವೆಲ್ಲ ಮುಗಿದ ಮೇಲಷ್ಟೇ ತಳಪಾಯದ ಮಾತು. ಕೇಂದ್ರ ಸರ್ಕಾರದ ವಸತಿ ಅನುದಾನವಾದರೋ ತಳಪಾಯದಿಂದಲೇ ತನ್ನ ಲೆಕ್ಕವನ್ನು ಆರಂಭಿಸುತ್ತದೆ. ತಳಪಾಯಕ್ಕೆ ಮುಂಚಿನ ಖರ್ಚನ್ನು ಬಡವನು ಸಾಲ ಮಾಡಿ ತುಂಬುತ್ತಾನೆ, ಇಲ್ಲವೇ ಆ ಕೆಲಸವನ್ನೇ ಬಿಟ್ಟುಬಿಡುತ್ತಾನೆ. ಬಿಟ್ಟ ಕೆಲಸದ ಫಲವನ್ನು ಆಷಾಢದ ಮಳೆ ತೋರಿಸುತ್ತದೆ.

ಕೇಂದ್ರದಿಂದ ಹರಿದುಬರುವ ವಸತಿ ಮತ್ತು ಗ್ರಾಮಾಭಿವೃದ್ಧಿಯ ಹಣವನ್ನು ನಮ್ಮ ಪಂಚಾಯತಿಗಳು ಹೇಗೆ ವ್ಯಯಿಸುತ್ತಿವೆ ಎಂಬ ಪ್ರಶ್ನೆ ಕೇವಲ ಲೆಕ್ಕಪತ್ರದ ಪ್ರಶ್ನೆಯಲ್ಲ. ಗುಡ್ಡಗಾಡಿನಲ್ಲಿ ಅದು ಮಣ್ಣಿನ, ನೀರಿನ ಮತ್ತು ಜೀವದ ಪ್ರಶ್ನೆ. ಕಳ್ಳ ಬಿಲ್ಲುಗಳ ಬಗ್ಗೆ ನಾವು ಆಗಾಗ ಮಾತನಾಡುತ್ತೇವೆ. ಪ್ರಾಮಾಣಿಕವಾಗಿ, ನಿಯಮಬದ್ಧವಾಗಿ ಖರ್ಚಾದ ಹಣವೂ ತಪ್ಪಾದ ಜಾಗದಲ್ಲಿ ಸುರಿದರೆ ಹಾನಿ ಮಾಡಬಲ್ಲದು ಎಂಬುದನ್ನು ಮಾತ್ರ ಅಷ್ಟಾಗಿ ಯೋಚಿಸಿಲ್ಲ.

ಬಯಲಿನ ಅಳತೆ, ಬೆಟ್ಟದ ಮನೆ

1985-86ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆಯು 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಎಂಬ ರೂಪ ತಾಳಿತು. ಮನೆಯ ಕನಿಷ್ಠ ವಿಸ್ತೀರ್ಣ 20 ಚದರ ಮೀಟರಿನಿಂದ 25 ಚದರ ಮೀಟರಿಗೆ ಏರಿತು. ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ, ಗುಡ್ಡಗಾಡು ರಾಜ್ಯಗಳಿಗೂ ದುರ್ಗಮ ಪ್ರದೇಶಗಳಿಗೂ 1.30 ಲಕ್ಷ ರೂಪಾಯಿ ಎಂದು ಸಹಾಯಧನ ನಿಗದಿಯಾಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟವು 2024-25ರಿಂದ 2028-29ರವರೆಗೆ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ನೀಡಿದಾಗಲೂ ಈ ಮೊತ್ತ ಬದಲಾಗಲಿಲ್ಲ. ಎಂಟು ವರ್ಷಗಳಲ್ಲಿ ಸಿಮೆಂಟು, ಕಬ್ಬಿಣ, ಮರಳು, ಕೆಂಪುಕಲ್ಲು, ಗಾರೆಯವರ ಕೂಲಿ ಇವುಗಳಲ್ಲಿ ಯಾವುದೊಂದೂ 2016ರ ದರದಲ್ಲಿ ನಿಂತಿರಲಿಲ್ಲ ಎಂಬುದನ್ನು ಮನೆ ಕಟ್ಟಿದವರಿಗೆ ಹೇಳಬೇಕಾಗಿಲ್ಲ.

ಗುಡ್ಡಗಾಡು ರಾಜ್ಯವೆಂದರೆ ಈಶಾನ್ಯದ ರಾಜ್ಯಗಳು ಹಾಗೂ ಹಿಮಾಲಯದ ತಪ್ಪಲಿನ ಪ್ರದೇಶಗಳು. ಆ ಪಟ್ಟಿಯಲ್ಲಿ ಕರ್ನಾಟಕವಿಲ್ಲ. ರಾಜ್ಯವನ್ನೇ ಘಟಕವಾಗಿ ಹಿಡಿದಾಗ ವಿಜಯಪುರದ ಕಪ್ಪುಮಣ್ಣಿನ ಬಯಲೂ ಆಗುಂಬೆಯ ಘಟ್ಟವೂ ಒಂದೇ ಲೆಕ್ಕಕ್ಕೆ ಸೇರಿಬಿಡುತ್ತವೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿಗೂ 600 ಮಿಲಿಮೀಟರಿನ ಆಸುಪಾಸಿನ ಊರಿಗೂ ಒಂದೇ ಮಾದರಿ ಸಲ್ಲದು.

ಆದರೆ ಇಲ್ಲಿ ಒಂದು ಬಾಗಿಲು ತೆರೆದಿದೆ. ದುರ್ಗಮ ಪ್ರದೇಶ ಯಾವುದೆಂದು ಗುರುತಿಸುವ ಹೊಣೆಯನ್ನು ಯೋಜನೆಯ ಮಾರ್ಗಸೂಚಿಯೇ ರಾಜ್ಯ ಸರ್ಕಾರಕ್ಕೆ ಒಪ್ಪಿಸಿದೆ. ಸಾಮಗ್ರಿಯ ಅಭಾವ, ಸಂಪರ್ಕದ ಕೊರತೆ, ಭೂರಚನೆ ಮತ್ತು ಹವಾಮಾನದ ಪ್ರತಿಕೂಲತೆ ಇವೇ ಮೊದಲಾದ ಕಾರಣಗಳಿಂದ ಕಟ್ಟಡದ ವೆಚ್ಚ ಹೆಚ್ಚಾಗುವ ಪ್ರದೇಶವೇ ದುರ್ಗಮ ಪ್ರದೇಶ. ಘಟ್ಟದಂಚಿನ ಎಷ್ಟೋ ಪಂಚಾಯತಿಗಳಿಗೆ ಈ ವಿವರಣೆ ಅಕ್ಷರಶಃ ಹೊಂದುತ್ತದೆ. ಹೆಚ್ಚುವರಿ 10 ಸಾವಿರ ರೂಪಾಯಿಯಿಂದ ಧರೆಯ ಗೋಡೆ ಪೂರ್ತಿಯಾಗದು, ನಿಜ. ಆದರೂ ಮಲೆನಾಡಿನ ಮನೆ ಬೇರೆಯದೆಂದು ಸರ್ಕಾರದ ಕಾಗದದಲ್ಲಿ ಒಮ್ಮೆ ದಾಖಲಾದರೆ, ಧರೆಗೋಡೆಯನ್ನೂ ಇಳಿಜಾರು ಮಾಡನ್ನೂ ಅಂದಾಜುಪಟ್ಟಿಗೆ ಸೇರಿಸಬೇಕೆಂದು ಕೇಳುವುದಕ್ಕೆ ಆಧಾರ ದೊರೆಯುತ್ತದೆ.

ಪಂಚಾಂಗವೂ ಬಯಲಿನದೇ. ತಳಪಾಯ, ಗೋಡೆ, ಮಾಡು ಎಂದು ಹಂತಹಂತವಾಗಿ ಫೋಟೊ ತೆಗೆದು ಕಳುಹಿಸಿದ ಬಳಿಕ ಕಂತು ಬಿಡುಗಡೆಯಾಗುತ್ತದೆ. ಮಾರ್ಚ್ ಅಂತ್ಯಕ್ಕೆ ಗುರಿ ತಲುಪಬೇಕೆಂದು ಮೇಲಿನಿಂದ ಒತ್ತಡವಿರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾರೆಕೆಲಸ ನಡೆಯುವುದಿಲ್ಲ. ಅಕ್ಟೋಬರಿನಲ್ಲಿ ನೆಲ ಇನ್ನೂ ಹಸಿ. ಅಲ್ಲಿಂದಾಚೆ ಅಡಿಕೆ ಕೊಯ್ಲು, ಕಾಫಿ ಕೊಯ್ಲು. ಕಂತು ತಡವಾಗಿ ಬಂದರೆ ಕಟ್ಟಿದ ಗೋಡೆಯ ಮೇಲೆ ತಾಡಪಾಲು ಹೊದಿಸಿ ಒಂದು ಮಳೆಗಾಲ ಕಳೆಯಬೇಕು. ಅವಸರದಲ್ಲಿ ಜೆಸಿಬಿ ಕರೆಸಿ ಒಂದೇ ದಿನದಲ್ಲಿ ಗುಡ್ಡ ಕಡಿಸುವ, ಮಣ್ಣನ್ನು ಕೆಳಗಿನ ಹಳ್ಳಕ್ಕೆ ದೂಡುವ ಪದ್ಧತಿ ಬೆಳೆದದ್ದಕ್ಕೆ ಫಲಾನುಭವಿಯ ಅಜ್ಞಾನವೊಂದೇ ಕಾರಣವಲ್ಲ. ಗಡುವೂ ಕಾರಣ.

ಕುಸಿದ ಗುಡ್ಡಗಳು ಕಲಿಸಿದ್ದು

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರು. ಅದೇ ತಿಂಗಳ 30ರಂದು ಗಡಿಯಾಚೆಯ ವಯನಾಡು. ಪ್ರತಿಯೊಂದರ ಕಾರಣವೂ ಒಂದೇ ಅಲ್ಲ. ಅತಿಯಾದ ಮಳೆ ಎಲ್ಲ ಕಡೆಯೂ ಇತ್ತು. ಆದರೆ ಇಳಿಜಾರಿನ ಪಾದವನ್ನು ಕಡಿದರೆ, ನೀರಿನ ಸಹಜ ಹಾದಿಯನ್ನು ಮುಚ್ಚಿದರೆ ಮಣ್ಣು ತನ್ನ ಹಿಡಿತ ಕಳೆದುಕೊಳ್ಳುತ್ತದೆ ಎಂಬುದರಲ್ಲಿ ಭೂವಿಜ್ಞಾನಿಗಳಿಗೆ ಸಂಶಯವಿಲ್ಲ. ನಮ್ಮ ಹಿರಿಯರಿಗೂ ಇರಲಿಲ್ಲ. ಧರೆಯ ಬುಡಕ್ಕೆ ಒತ್ತಿ ಮನೆ ಕಟ್ಟಬಾರದು, ಒರತೆಯ ಬಾಯಿ ಮುಚ್ಚಬಾರದು ಎಂಬ ತಿಳಿವಳಿಕೆ ಹಳೆಯ ಮನೆಗಳ ನಿವೇಶನದಲ್ಲಿಯೇ ಕಾಣುತ್ತದೆ.

ಇಂದು ಹೊಸ ವಸತಿ ನಿವೇಶನಗಳು ಎಲ್ಲಿ ದೊರೆಯುತ್ತಿವೆ? ಮಟ್ಟದ ನೆಲ ಗದ್ದೆಯಾಗಿದೆ, ತೋಟವಾಗಿದೆ, ಅದು ಉಳ್ಳವರದು. ನಿವೇಶನರಹಿತ ಕುಟುಂಬಕ್ಕೆ ಉಳಿಯುವುದು ಯಾರಿಗೂ ಬೇಡವಾದ ಕಡಿದಾದ ಸರ್ಕಾರಿ ಗುಡ್ಡ. ಭೂರಹಿತ ಫಲಾನುಭವಿಗೆ ನೆಲ ಒದಗಿಸುವ ಕರ್ತವ್ಯ ರಾಜ್ಯದ್ದೆಂದು ವಸತಿ ಯೋಜನೆ ಹೇಳುತ್ತದೆ. ನೆಲ ಎಂಥದು ಎಂದು ಪಂಚಾಯತಿ ಕೇಳುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಭೂಕುಸಿತದ ಸಾಧ್ಯತೆಯನ್ನು ತೋರಿಸುವ ನಕ್ಷೆಗಳನ್ನು ಸಿದ್ಧಪಡಿಸಿದೆ. ಅಂತಹ ನಕ್ಷೆಯನ್ನು ಮುಂದಿಟ್ಟುಕೊಂಡು ನಿವೇಶನ ಆರಿಸುವುದು ಪ್ರತಿ ಪಂಚಾಯತಿಯ ವಾಡಿಕೆಯಾಗಬೇಕು. ಗುಡ್ಡ ಜರಿದ ಮೇಲೆ ಪರಿಹಾರಕ್ಕೆ ಓಡಾಡುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಹತ್ತು ರೂಪಾಯಿಯಲ್ಲಿ ಆರು

ಮನೆಯ ಜೊತೆಗೆ ಊರಿನ ಮಾತು. ಕೇಂದ್ರ ಹಣಕಾಸು ಆಯೋಗದ ಅನುದಾನವೇ ಇಂದು ಗ್ರಾಮ ಪಂಚಾಯತಿಗಳ ಮುಖ್ಯ ಆಸರೆಗಳಲ್ಲೊಂದು. 2021ರಿಂದ 2026ರವರೆಗಿನ ಹದಿನೈದನೇ ಆಯೋಗದ ಅವಧಿಯಲ್ಲಿ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆಂದು ಶಿಫಾರಸಾದ ಮೊತ್ತ 2,36,805 ಕೋಟಿ ರೂಪಾಯಿ. ಅದರಲ್ಲಿ ಶೇಕಡಾ 60 ನಿರ್ಬಂಧಿತ ಅನುದಾನ: ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಉಳಿದ ಶೇಕಡಾ 40 ಊರಿನ ಅಗತ್ಯಕ್ಕೆ ತಕ್ಕಂತೆ ಬಳಸುವ ಮುಕ್ತ ಹಣ. ಅದನ್ನು ಸಂಬಳಕ್ಕೂ ಕಚೇರಿಯ ಖರ್ಚಿಗೂ ಬಳಸುವಂತಿರಲಿಲ್ಲ. ಒಂದು ಪಂಚಾಯತಿಗೆ 10 ಲಕ್ಷ ರೂಪಾಯಿ ಬಂದರೆ 3 ಲಕ್ಷ ನೀರಿಗೆ, 3 ಲಕ್ಷ ನೈರ್ಮಲ್ಯಕ್ಕೆ, 4 ಲಕ್ಷ ಊರಿನ ಇಚ್ಛೆಗೆ.

ನೀರಿನ ಪಾಲು ನಮ್ಮಲ್ಲಿ ಬಹುಮಟ್ಟಿಗೆ ಕೊಳವೆಬಾವಿ, ಪಂಪು, ಪೈಪುಗಳಿಗೆ ಹೋಗುತ್ತದೆ. ನೀರನ್ನು ಸಾಗಿಸುವ ಕಾಮಗಾರಿಗೆ ಅಂದಾಜುಪಟ್ಟಿ ಬೇಗ ತಯಾರಾಗುತ್ತದೆ. ನೀರನ್ನು ಹುಟ್ಟಿಸುವ ಕಾಮಗಾರಿಗೆ ಆಗುವುದಿಲ್ಲ. ಅಬ್ಬಿ ನೀರನ್ನು ದಬ್ಬೆಯಲ್ಲಿ ಹರಿಸಿ ತಲೆಮಾರುಗಟ್ಟಲೆ ಬದುಕಿದ ಕೇರಿಗಳಲ್ಲಿ ಇಂದು ನಲ್ಲಿ ಇದೆ, ಏಪ್ರಿಲ್ ತಿಂಗಳಿನಲ್ಲಿ ನೀರಿಲ್ಲ. ಒರತೆಯ ಮೇಲಿನ ಕಾನು ಬೋಳಾದರೆ ಕೆಳಗಿನ ಪೈಪಿಗೆ ಬೆಲೆಯಿಲ್ಲ. ಕಾನಿನಲ್ಲಿ ಇಂಗುಗುಂಡಿ, ಹಳ್ಳಕ್ಕೆ ಕಟ್ಟ, ಒರತೆಯ ಸುತ್ತ ಬೇಲಿ, ಶಾಲೆಯ ಹೆಂಚಿನ ಮಾಡಿನಿಂದ ಮಳೆನೀರಿನ ತೊಟ್ಟಿ: ಇವುಗಳಿಗೆ ಅನುದಾನದ ನಿಯಮ ಅಡ್ಡಬರುವುದಿಲ್ಲ. ಅಡ್ಡಬರುವುದು ನಮ್ಮ ರೂಢಿ. ಅರಣ್ಯ ಇಲಾಖೆಯ ನೆಲವಾದರೆ ಅನುಮತಿ ಬೇಕಾಗುತ್ತದೆ ಎಂಬುದೂ ನಿಜ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯು ಕುಡಿಯುವ ನೀರು, ನೀರು ಸಂಗ್ರಹದ ರಚನೆ, ಶಾಲೆ, ಅಂಗನವಾಡಿ, ರಸ್ತೆ ಸೇರಿದಂತೆ 13 ಬಗೆಯ ಸಾರ್ವಜನಿಕ ಸೌಲಭ್ಯಗಳಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75 ಮರಗಳ ಮಿತಿಯಲ್ಲಿ ಒದಗಿಸಲು ಅವಕಾಶ ನೀಡಿದೆ. ಅದಕ್ಕೆ ಗ್ರಾಮಸಭೆಯ ಶಿಫಾರಸು ಕಡ್ಡಾಯ. ಇಲ್ಲಿಯೂ ಕೀಲಿಕೈ ಗ್ರಾಮಸಭೆಯದೇ.

ಮುಕ್ತ ಹಣದ ಗತಿ ಇನ್ನೂ ಸರಳ. ಕಾಂಕ್ರೀಟು ರಸ್ತೆ. ಮಳೆಗಾಲದಲ್ಲಿ ರೋಗಿಯನ್ನು ಕಂಬಳಿಯಲ್ಲಿ ಹೊತ್ತು ತಂದ ಮನೆಗಳಿಗೆ ರಸ್ತೆ ಬೇಡವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ನಾವು ಕೇಳುವುದು ಇಷ್ಟೇ: ರಸ್ತೆಗೆ ಹಣವಿದ್ದಾಗ ಅದರ ಪಕ್ಕದ ಚರಂಡಿಗೂ ಮೋರಿಗೂ ಏಕಿಲ್ಲ? ಚರಂಡಿಯಿಲ್ಲದ ಕಾಂಕ್ರೀಟು ರಸ್ತೆ ಮಳೆಗಾಲದಲ್ಲಿ ತಾನೇ ಹಳ್ಳವಾಗುತ್ತದೆ. ತಿರುವಿನಲ್ಲಿ ಆ ನೀರು ಯಾರದೋ ಧರೆಯ ಮೇಲೆ, ಯಾರದೋ ಹಿತ್ತಿಲಿಗೆ ಧುಮುಕುತ್ತದೆ.

ಇನ್ನೊಂದು ಅನ್ಯಾಯವೂ ಇದೆ. ರಾಜ್ಯಗಳ ನಡುವೆ ಈ ಹಣ ಹಂಚುವಾಗ ಹದಿನೈದನೇ ಆಯೋಗವು ಜನಸಂಖ್ಯೆಗೆ ಶೇಕಡಾ 90, ವಿಸ್ತೀರ್ಣಕ್ಕೆ ಶೇಕಡಾ 10 ತೂಕ ನೀಡಿತು. ತಲೆಯೆಣಿಕೆಯೇ ಪ್ರಧಾನವಾದಲ್ಲಿ ಮಲೆನಾಡು ಹಿಂದೆ ಬೀಳುತ್ತದೆ. ನಮ್ಮಲ್ಲಿ ಜನ ಕಡಿಮೆ, ಮನೆಗಳು ಚದುರಿವೆ, ಒಂದು ಮನೆಗೆ ಎಳೆಯಬೇಕಾದ ಪೈಪು ಉದ್ದ. 2026ರ ಏಪ್ರಿಲ್‌ನಿಂದ 2031ರವರೆಗಿನ ಐದು ವರ್ಷಗಳು ಹದಿನಾರನೇ ಆಯೋಗದ ವ್ಯಾಪ್ತಿಗೆ ಸೇರಿವೆ. ರಾಜ್ಯದೊಳಗಿನ ಹಂಚಿಕೆಯಲ್ಲಿ ಇಳಿಜಾರಿಗೂ ಮಳೆಗೂ ತೂಕ ಸಿಗಬೇಕೆಂದು ಒತ್ತಾಯಿಸಬೇಕಾದದ್ದು ನಮ್ಮ ಜನಪ್ರತಿನಿಧಿಗಳ ಕೆಲಸ.

ಪರಿಸರದವರು ಮನೆಗೆ ಅಡ್ಡಿಯೇ?

ಈ ಮಾತುಗಳನ್ನು ಆಡಿದಾಗ, ಪರಿಸರದವರು ಬಡವನ ಮನೆಗೆ ಅಡ್ಡಬರುತ್ತಾರೆ ಎಂಬ ಆಕ್ಷೇಪ ಏಳುತ್ತದೆ. ಆಕ್ಷೇಪವನ್ನು ತಳ್ಳಿಹಾಕಬಾರದು. ಹಕ್ಕುಪತ್ರವಿಲ್ಲದೆ ಹತ್ತಾರು ವರ್ಷ ಕಾದವನಿಗೆ ಇನ್ನೊಂದು ಪರಿಶೀಲನೆ ಎಂದರೆ ಇನ್ನೊಂದು ವಿಳಂಬ. ಪಂಚಾಯತಿ ಅಭಿವೃದ್ಧಿ ಅಧಿಕಾರಿಗೂ ಸದಸ್ಯರಿಗೂ ತಮ್ಮದೇ ಕಷ್ಟಗಳಿವೆ. ನಿಯಮ ದಿಲ್ಲಿಯಲ್ಲಿ, ಆದೇಶ ಬೆಂಗಳೂರಿನಲ್ಲಿ, ಎಂಜಿನಿಯರು ತಾಲ್ಲೂಕಿನಲ್ಲಿ. ಬೈಗುಳ ಮಾತ್ರ ಊರಿನಲ್ಲಿ. ಆದರೂ ಬಡವನಿಗೆ ಜೀವಮಾನದಲ್ಲಿ ಒಮ್ಮೆ ಸಿಗುವ ಮನೆ ಒಂದು ಮಳೆಗಾಲಕ್ಕೆ ಜರಿದುಹೋಗುವ ಜಾಗದಲ್ಲಿರಬಾರದು ಎಂಬುದು ಅಡ್ಡಿಯ ಮಾತಲ್ಲ. ಅದು ಆ ಮನೆಯ ಪರವಾದ ಮಾತು.

2011ರಲ್ಲಿ ವರದಿ ನೀಡಿದ ಮಾಧವ ಗಾಡ್ಗೀಳ್ ಸಮಿತಿಯು ಪಶ್ಚಿಮ ಘಟ್ಟದ ಕಟ್ಟಡಗಳಲ್ಲಿ ಸಿಮೆಂಟು, ಕಬ್ಬಿಣ, ಮರಳಿನ ಬಳಕೆ ತಗ್ಗಿಸುವ ಕಟ್ಟಡ ಸಂಹಿತೆ ಬೇಕೆಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಒತ್ತಿದ ಮಣ್ಣಿನ ಇಟ್ಟಿಗೆಯ ತಂತ್ರವನ್ನು ಬೆಳೆಸಿ ದಶಕಗಳೇ ಸಂದಿವೆ. ವಸತಿ ಯೋಜನೆಯ ನಿಯಮವೂ ಗುತ್ತಿಗೆದಾರನನ್ನು ದೂರವಿಟ್ಟು, ಫಲಾನುಭವಿಯೇ ತನ್ನ ಮನೆ ಕಟ್ಟಿಸಬೇಕೆನ್ನುತ್ತದೆ. ಜಂಬಿಟ್ಟಿಗೆಯ ಗೋಡೆ, ಹೆಂಚಿನ ಇಳಿಜಾರು ಮಾಡು, ಅಗಲವಾದ ಸೂರು ಇವು ಹಳೆಯ ಕಾಲದ ಮೋಹವಲ್ಲ. ಈ ಮಳೆಗೆ ಈ ನೆಲ ಕಂಡುಕೊಂಡ ಉತ್ತರ.

ವಾರ್ಡ್ ಸಭೆಯಲ್ಲಿ ಕೇಳಬೇಕಾದದ್ದು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಂತೆ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಸೇರಬೇಕು. ಕಾಮಗಾರಿಗಳನ್ನು ಸೂಚಿಸುವ, ಅವುಗಳ ಆದ್ಯತೆ ನಿರ್ಧರಿಸುವ, ಫಲಾನುಭವಿಗಳನ್ನು ಗುರುತಿಸುವ ಅಧಿಕಾರ ಅದಕ್ಕಿದೆ. ಸಹಿ ಹಾಕಿ ಚಹಾ ಕುಡಿದು ಬರುವ ಸಭೆ ಅದಲ್ಲ. ಮುಂದಿನ ಸಭೆಯಲ್ಲಿ ನಾಲ್ಕು ಸಂಗತಿಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸೋಣ. ಒಂದು, ಇಳಿಜಾರನ್ನೂ ನೀರಿನ ಹಾದಿಯನ್ನೂ ಊರಿನ ಹಿರಿಯರೊಡನೆ ನಡೆದು ನೋಡದೆ ವಸತಿ ನಿವೇಶನ ಗೊತ್ತುಪಡಿಸಬಾರದು. ಎರಡು, ನೀರಿನ ಪಾಲಿನ ಹಣದಲ್ಲಿ ಒರತೆ ಮತ್ತು ಕಾನಿನ ರಕ್ಷಣೆಗೆ ಪ್ರತಿ ವರ್ಷ ಒಂದು ಕಾಮಗಾರಿಯಾದರೂ ಇರಬೇಕು. ಮೂರು, ಚರಂಡಿಯಿಲ್ಲದ ರಸ್ತೆಯ ಅಂದಾಜುಪಟ್ಟಿಗೆ ಒಪ್ಪಿಗೆ ಇಲ್ಲ. ನಾಲ್ಕು, ನಮ್ಮ ಪಂಚಾಯತಿಯನ್ನು ದುರ್ಗಮ ಪ್ರದೇಶವೆಂದು ಪರಿಗಣಿಸಲು ರಾಜ್ಯ ಸರ್ಕಾರಕ್ಕೆ ಠರಾವು ಕಳುಹಿಸಬೇಕು.

ವಿದ್ಯಾರ್ಥಿ ಮಿತ್ರರಿಗೆ ಇದರಲ್ಲಿ ದೊಡ್ಡ ಪಾತ್ರವಿದೆ. 2020ರಿಂದ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪಂಚಾಯತಿಗಳ ಯೋಜನೆ ಮತ್ತು ಖರ್ಚಿನ ವಿವರ ಪ್ರಕಟವಾಗುತ್ತಿದೆ. ಅದನ್ನು ತೆಗೆದು, ಕನ್ನಡದಲ್ಲಿ ಬರೆದು, ಹಾಲಿನ ಡೇರಿಯ ಗೋಡೆಗೆ ಅಂಟಿಸಿರಿ. ಸಿಗದ ದಾಖಲೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯಿರಿ. ಊರಿನ ಒರತೆಗಳು, ಹಳೆಯ ಜರಿತಗಳು, ಮುಚ್ಚಿಹೋದ ಹಳ್ಳಗಳು ಎಲ್ಲೆಲ್ಲಿವೆ ಎಂದು ಅಜ್ಜ ಅಜ್ಜಿಯರನ್ನು ಕೇಳಿ ನಕ್ಷೆ ಬರೆಯಿರಿ. ಅಂತಹ ನಕ್ಷೆಯೊಂದು ಸಭೆಯ ಮೇಜಿನ ಮೇಲಿದ್ದರೆ ಯಾವ ಅಧಿಕಾರಿಯೂ ಅದನ್ನು ಸುಲಭವಾಗಿ ಬದಿಗೆ ಸರಿಸಲಾರನು.

ಅನುದಾನ ಯಾರ ಕೃಪೆಯೂ ಅಲ್ಲ. ಅದು ನಮ್ಮೆಲ್ಲರ ತೆರಿಗೆಯ ಹಣ. ಅದರ ಮೊತ್ತವನ್ನು ದಿಲ್ಲಿ ನಿರ್ಧರಿಸಬಹುದು. ಅದು ಯಾವ ಗುಡ್ಡದ ಮೇಲೆ, ಯಾವ ಹಳ್ಳದ ಬದಿಯಲ್ಲಿ ಬೀಳಬೇಕೆಂಬುದನ್ನು ಆ ಗುಡ್ಡದ ಕೆಳಗೆ ಮಲಗುವವರೇ ನಿರ್ಧರಿಸಬೇಕು. ಕಾನೂನು ಅದಕ್ಕೆ ಜಾಗ ಕೊಟ್ಟಿದೆ. ಆ ಜಾಗದಲ್ಲಿ ಹೋಗಿ ಕುಳಿತುಕೊಳ್ಳುವುದಷ್ಟೇ ಉಳಿದಿದೆ.