ಮರಳಿ ಬರುವ ಕುಟುಂಬ ಮತ್ತು ಪೌರತ್ವದ ಲೆಕ್ಕ

ಅಮೆರಿಕದಲ್ಲಿ ಬಹುಕಾಲ ನೆಲೆಸಿ ಬೆಂಗಳೂರಿಗೋ ಮೈಸೂರಿಗೋ ಮರಳುವ ಕುಟುಂಬಗಳನ್ನು ಎರಡು ದೇಶಗಳ ಪೌರತ್ವ ಉಳ್ಳವೆಂದು ಕರೆಯುವುದು ರೂಢಿಯಲ್ಲಿದೆಯಾದರೂ, ಭಾರತದ ಕಾನೂನು ಅಂಥ ಸ್ಥಿತಿಯನ್ನು ಒಪ್ಪುವುದಿಲ್ಲ. ಸಂವಿಧಾನದ 9ನೆಯ ವಿಧಿಯೂ 1955ರ ಪೌರತ್ವ ಕಾಯಿದೆಯ 9ನೆಯ ಪ್ರಕರಣವೂ ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರನ್ನು ಭಾರತದ ಪೌರರೆಂದು ಪರಿಗಣಿಸುವುದಿಲ್ಲ. ವಿದೇಶದಲ್ಲಿರುವ ಭಾರತೀಯ ಮೂಲದವರ ಬಗ್ಗೆ ಎಲ್.ಎಂ. ಸಿಂಘ್ವಿ ಅವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯು ದ್ವಿಪೌರತ್ವವನ್ನು ಶಿಫಾರಸು ಮಾಡಿತಾದರೂ, 2003 ಮತ್ತು 2005ರ ತಿದ್ದುಪಡಿಗಳಿಂದ ಅಂತಿಮವಾಗಿ ದೊರೆತದ್ದು ಒಸಿಐ, ಅಂದರೆ ಸಾಗರೋತ್ತರ ಭಾರತೀಯ ಪೌರರೆಂಬ ನೋಂದಣಿ. ಅದು ಆಜೀವ ವೀಸಾ ಮತ್ತು ಕೆಲವು ಆರ್ಥಿಕ, ಶೈಕ್ಷಣಿಕ ಹಕ್ಕುಗಳನ್ನು ಒಟ್ಟುಗೂಡಿಸಿ ಕೊಡುತ್ತದೆ. ಮತದಾನದ ಹಕ್ಕು, ಶಾಸನಸಭೆಯ ಸದಸ್ಯತ್ವ ಮತ್ತು ಸಾಮಾನ್ಯವಾಗಿ ಸರ್ಕಾರಿ ನೌಕರಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ಇಂಥ ವ್ಯವಸ್ಥೆಯಲ್ಲಿ ಮರಳುವ ಕುಟುಂಬಕ್ಕೆ ಎದುರಾಗುವ ಮೊದಲ ತೊಡಕೆಂದರೆ, ನಿರ್ಧಾರವನ್ನು ಮನೆಯವರೆಲ್ಲ ಸೇರಿ ಮಾಡಿದರೂ ಕಾನೂನು ಅವರನ್ನು ಒಬ್ಬೊಬ್ಬರನ್ನಾಗಿಯೇ ಎಣಿಸುತ್ತದೆ ಎಂಬುದು. ತಂದೆ ಅಮೆರಿಕದ ಪೌರನಾಗಿದ್ದಾನೆ, ತಾಯಿ ಗ್ರೀನ್ ಕಾರ್ಡ್ ಇಟ್ಟುಕೊಂಡು ಭಾರತೀಯಳಾಗಿಯೇ ಉಳಿದಿದ್ದಾಳೆ, ಹಿರಿಯ ಮಗು ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದ 2000ದ ಮಕ್ಕಳ ಪೌರತ್ವ ಕಾಯಿದೆಯ ಪ್ರಕಾರ ತಂದೆಯ ಮೂಲಕ ಅಲ್ಲಿನ ಪೌರತ್ವ ಪಡೆದಿದೆ, ಕಿರಿಯದು ಹುಟ್ಟಿನಿಂದಲೇ ಅಮೆರಿಕದ್ದು ಎಂದು ಭಾವಿಸಿಕೊಂಡರೆ, ಒಂದೇ ವಿಮಾನದಲ್ಲಿ ಬಂದಿಳಿಯುವ ಈ ನಾಲ್ವರ ಹಕ್ಕುಬಾಧ್ಯತೆಗಳು ಒಂದೇ ಬಗೆಯವಲ್ಲ. ತಾಯಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಮೆರಿಕದ ಹೊರಗಿರಬೇಕಾದರೆ ಹೊರಡುವ ಮೊದಲೇ ಮರುಪ್ರವೇಶದ ಪರವಾನಗಿಗೆ ಅರ್ಜಿ ಹಾಕಬೇಕು, ಇಲ್ಲವೇ ಗ್ರೀನ್ ಕಾರ್ಡಿನ ಆಸೆಯನ್ನು ಬಿಡಬೇಕು. ಉಳಿದ ಮೂವರಿಗೆ ಅಂಥ ಗಡುವೇನೂ ಇಲ್ಲ.

ಕಾಗದಪತ್ರಗಳ ತೊಡಕು ನೋಡಲು ಸಣ್ಣದಾದರೂ ಬಹುಕಾಲ ಕಾಡುವಂಥದು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಜನನ ಪ್ರಮಾಣಪತ್ರಕ್ಕೆ ಅಪೋಸ್ಟಿಲ್, ಅಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ನಂಬುವಂತೆ ಹಾಕಲಾಗುವ ಅಧಿಕೃತ ದೃಢೀಕರಣ, ಆಯಾ ರಾಜ್ಯದಲ್ಲಿಯೇ ಸಿಗುವುದರಿಂದ ಅದನ್ನು ಹೊರಡುವ ಮೊದಲು ಮಾಡಿಸಿಕೊಳ್ಳುವುದು ಲೇಸು. ಕನ್ನಡಿಗರಿಗೆ ವಿಶೇಷವಾಗಿ ಕಾಡುವುದು ಇನಿಷಿಯಲ್‌ಗಳ ಸಮಸ್ಯೆ: ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೆಸರಿನ ಹಿಂದೆ ಇಟ್ಟುಕೊಂಡು ಮನೆತನದ ಹೆಸರಿಲ್ಲದೆ ಬೆಳೆದವರು ಅಮೆರಿಕದ ನಮೂನೆಗಳಿಗಾಗಿ ಅವನ್ನು ಬಿಡಿಸಿ ಬರೆದಾಗ ಊರೇ ಮಕ್ಕಳ ಮನೆತನದ ಹೆಸರಾಗಿಬಿಡುವುದುಂಟು, ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾನ್, ಆಧಾರ್, ಪಾಸ್‌ಪೋರ್ಟ್ ಇವು ನಾಲ್ಕೂ ನಾಲ್ಕು ಹೆಸರು ಹೇಳತೊಡಗುತ್ತವೆ. ಆಧಾರ್ ಕೂಡ ವಿದೇಶಿ ಪಾಸ್‌ಪೋರ್ಟ್ ಉಳ್ಳವರಿಗೆ ಬಂದ ದಿನವೇ ಸಿಗುವುದಿಲ್ಲ. ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 182 ದಿನ ಭಾರತದಲ್ಲಿದ್ದಿರಬೇಕು.

ಹಣದ ವಿಚಾರದಲ್ಲಿ ಎರಡು ದೇಶಗಳ ತತ್ತ್ವಗಳೇ ಬೇರೆ. ಭಾರತವು ತೆರಿಗೆಯನ್ನು ಮುಖ್ಯವಾಗಿ ವಾಸದ ದಿನಗಳ ಮೇಲೆ ನಿರ್ಧರಿಸುತ್ತದೆ, ಸಾಮಾನ್ಯವಾಗಿ ಪಾಸ್‌ಪೋರ್ಟಿನ ಬಣ್ಣವನ್ನು ಕೇಳುವುದಿಲ್ಲ; ಬಹುಕಾಲ ಹೊರಗಿದ್ದು ಬಂದವರಿಗೆ ಎರಡು ಮೂರು ವರ್ಷಗಳ ಮಟ್ಟಿಗೆ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ಮಧ್ಯಂತರ ಸ್ಥಾನ ನೀಡಿ, ಆ ಅವಧಿಯಲ್ಲಿ ಅವರ ವಿದೇಶಿ ಆದಾಯವನ್ನು ಬಹುಮಟ್ಟಿಗೆ ತೆರಿಗೆಯಿಂದ ಹೊರಗಿಡುತ್ತದೆ. ಅಮೆರಿಕವಾದರೋ ತನ್ನ ಪೌರರು ಜಗತ್ತಿನ ಎಲ್ಲಿಯೇ ಇರಲಿ ಅವರ ಸಮಸ್ತ ಆದಾಯದ ಲೆಕ್ಕವನ್ನು ಕೇಳುತ್ತದೆ, ಹೊರದೇಶದ ಖಾತೆಗಳ ಮೊತ್ತ ವರ್ಷದಲ್ಲಿ ಯಾವ ದಿನವಾದರೂ ಒಟ್ಟಾರೆ 10,000 ಡಾಲರ್ ದಾಟಿದರೆ ಅದನ್ನೂ ಪ್ರತ್ಯೇಕವಾಗಿ ವರದಿ ಮಾಡಬೇಕು. ಗಂಡನ ಹೆಸರಿನೊಡನೆ ಜಂಟಿಯಾಗಿ ಇಟ್ಟ ಹೆಂಡತಿಯ ಖಾತೆಯೂ ಈ ವರದಿಯಲ್ಲಿ ಸೇರುತ್ತದೆ. ಭಾರತದಲ್ಲಿ ತೆರಿಗೆಯಿಲ್ಲದ ಪಿಪಿಎಫ್ ಬಡ್ಡಿಗೆ ಅಲ್ಲಿ ತೆರಿಗೆಯುಂಟು; ಇಲ್ಲಿನ ಮ್ಯೂಚುವಲ್ ಫಂಡುಗಳನ್ನು ಅಲ್ಲಿನ ಕಾನೂನು ನಿಷ್ಕ್ರಿಯ ಆದಾಯದ ವಿದೇಶಿ ಕಂಪನಿಗಳೆಂದು ಬಗೆದು ಕಠಿಣವಾದ ಲೆಕ್ಕಾಚಾರಕ್ಕೆ ಒಳಪಡಿಸುತ್ತದೆ. ಸಾಮಾಜಿಕ ಭದ್ರತೆಯ ಬಗ್ಗೆ ಎರಡು ದೇಶಗಳ ನಡುವೆ ಒಪ್ಪಂದವಿಲ್ಲದ ಕಾರಣ, ಅಲ್ಲಿನ ನಿವೃತ್ತಿವೇತನಕ್ಕೆ ಬೇಕಾದ 40 ತ್ರೈಮಾಸಿಕಗಳು, ಎಂದರೆ ಸುಮಾರು ಹತ್ತು ವರ್ಷಗಳ ದುಡಿಮೆ, ತುಂಬುವ ಮೊದಲೇ ಹೊರಟವರ ಕಂತುಗಳು ಸಾಮಾನ್ಯವಾಗಿ ಕೈಗೆ ಬರುವುದಿಲ್ಲ.

ಭೂಮಿಯ ವಿಷಯ ಇಷ್ಟು ಜಟಿಲವಲ್ಲ. ಒಸಿಐ ಉಳ್ಳವರು ಮನೆ, ಫ್ಲಾಟು, ನಿವೇಶನ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಕೃಷಿಕರಲ್ಲದವರೂ ಜಮೀನು ಕೊಳ್ಳಲು ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ ದಾರಿ ಮಾಡಿಕೊಟ್ಟರೂ ಈ ನಿರ್ಬಂಧ ಕೇಂದ್ರದ್ದಾದ್ದರಿಂದ ಸಡಿಲವಾಗಿಲ್ಲ. ಹೀಗಾಗಿ ಕೊಡಗಿನ ಕಾಫಿ ತೋಟವನ್ನು ತಂದೆಯಿಂದ ಪಿತ್ರಾರ್ಜಿತವಾಗಿ ಪಡೆಯಬಲ್ಲ ಮಗ ಪಕ್ಕದ ತೋಟವನ್ನು ಕೊಳ್ಳಲಾರ, ಭಾರತೀಯ ಪೌರಳಾಗಿ ಉಳಿದು ಇಲ್ಲಿ ನೆಲೆಸಿದ ಅವನ ಹೆಂಡತಿ ಕೊಳ್ಳಬಲ್ಲಳು.

ನಿಜವಾದ ಪೆಟ್ಟು ಬೀಳುವುದು ಮಕ್ಕಳ ಓದಿನ ಮೇಲೆ. ಶಾಲೆಯ ಹಂತದಲ್ಲಿ ತೊಂದರೆ ಅಷ್ಟಿಲ್ಲ: 2015ರ ಕನ್ನಡ ಭಾಷಾ ಕಲಿಕೆ ಕಾಯಿದೆಯ ಮೇರೆಗೆ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಯಬೇಕಾದಾಗ, ಮನೆಯಲ್ಲಿ ಕೇಳಿ ಗೊತ್ತಿದ್ದರೂ ಅಕ್ಷರ ಗೊತ್ತಿಲ್ಲದ ಮಗು ಸ್ವಲ್ಪ ಕಾಲ ಒದ್ದಾಡಿ ಸರಿಹೋಗುತ್ತದೆ. ವೃತ್ತಿಶಿಕ್ಷಣದ ಹೊಸ್ತಿಲಲ್ಲಿ ಮಾತ್ರ ಹಾಗಲ್ಲ. ಕೇಂದ್ರ ಸರ್ಕಾರ 2021ರ ಮಾರ್ಚ್ 4ರಂದು ಹೊರಡಿಸಿದ ಅಧಿಸೂಚನೆಯ ಪ್ರಕಾರ ಒಸಿಐ ವಿದ್ಯಾರ್ಥಿಗಳು ನೀಟ್, ಜೆಇಇ ಮುಂತಾದ ಪರೀಕ್ಷೆಗಳ ಮೂಲಕ ಅನಿವಾಸಿ ಭಾರತೀಯರ ಸೀಟುಗಳಿಗೆ ಅಥವಾ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟುಗಳಿಗೆ ಮಾತ್ರ ಅರ್ಹರು. ಅನಿವಾಸಿ ಕೋಟಾದ ವೈದ್ಯಕೀಯ ಶುಲ್ಕ ಸರ್ಕಾರಿ ಸೀಟಿನ ಶುಲ್ಕದ ಹಲವು ಪಟ್ಟು ಎಂಬುದನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಈ ಅಧಿಸೂಚನೆ ಮುಂದಿನವರಿಗೆ ಮಾತ್ರ ಅನ್ವಯಿಸುತ್ತದೆ, ಅದಕ್ಕೆ ಮೊದಲೇ ನೋಂದಣಿ ಪಡೆದವರ ಅರ್ಹತೆಯನ್ನು ಕಿತ್ತುಕೊಳ್ಳುವುದಿಲ್ಲ ಎಂದು ತೀರ್ಪಿತ್ತಿತು. ಫಲವಾಗಿ 2018ರಲ್ಲಿ ಒಸಿಐ ಪಡೆದ ಅಕ್ಕ ಸಾಮಾನ್ಯ ಸೀಟಿಗೆ ಸ್ಪರ್ಧಿಸಬಲ್ಲಳು, 2022ರಲ್ಲಿ ಪಡೆದ ತಮ್ಮ ಸ್ಪರ್ಧಿಸಲಾರ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದು ಒಂದೇ ಶಾಲೆಯಲ್ಲಿ ಓದಿರಬಹುದು.

ದ್ವಿಪೌರತ್ವದ ವಿರೋಧಿಗಳ ವಾದವನ್ನು ಇಲ್ಲಿ ತಳ್ಳಿಹಾಕಬೇಕಾಗಿಲ್ಲ. ಹೊರಗೆ ಬದುಕುವವರು ಒಳಗಿನವರ ಭವಿಷ್ಯಕ್ಕೆ ಮತ ಹಾಕಬಾರದು, ಎರಡು ನಿಷ್ಠೆಗಳು ಅಧಿಕಾರಸ್ಥಾನಕ್ಕೆ ಒಗ್ಗುವುದಿಲ್ಲ ಎಂಬ ಅವರ ಮಾತಿನಲ್ಲಿ ತೂಕವಿದೆ; ದ್ವಿಪೌರತ್ವ ಕೊಟ್ಟಮಾತ್ರಕ್ಕೆ ಅಮೆರಿಕದ ತೆರಿಗೆ ಇಲಾಖೆ ಬೆನ್ನು ಬಿಡುವುದೂ ಇಲ್ಲ. ಆದರೆ ಆ ವಾದ ಮತಗಟ್ಟೆಗೆ ಸರಿಹೊಂದುವಷ್ಟು ಕಾಲೇಜಿನ ಸೀಟಿಗೆ ಹೊಂದುವುದಿಲ್ಲ. ತೆರಿಗೆ ವಸೂಲಿಗೆ ವಾಸದ ದಿನಗಳನ್ನು ಎಣಿಸುವ ರಾಜ್ಯವ್ಯವಸ್ಥೆ ಸೀಟು ಹಂಚುವಾಗ ಮಾತ್ರ ಪಾಸ್‌ಪೋರ್ಟನ್ನು ತೆರೆದು ನೋಡುವುದು ಅಸಂಗತ. ನಿಗದಿತ ವರ್ಷಗಳ ಕಾಲ ರಾಜ್ಯದಲ್ಲಿಯೇ ಓದಿದ, ತಂದೆತಾಯಿಯರು ಇಲ್ಲಿ ತೆರಿಗೆ ಕಟ್ಟುತ್ತಿರುವ ವಿದ್ಯಾರ್ಥಿಯನ್ನು ವಾಸದ ಆಧಾರದ ಮೇಲೆಯೇ ಪರಿಗಣಿಸಲು ಸಂವಿಧಾನವನ್ನು ತಿದ್ದಬೇಕಾಗಿಲ್ಲ. ಅಧಿಸೂಚನೆಯಿಂದ ಬಂದದ್ದನ್ನು ಅಧಿಸೂಚನೆಯಿಂದಲೇ ಸರಿಪಡಿಸಬಹುದು.

ಬೇಕಾದರೆ ವಿದೇಶಿ ಪೌರತ್ವವನ್ನು ಬಿಟ್ಟು ಬರಲಿ ಎಂಬ ಉತ್ತರ ವಯಸ್ಕರಿಗೆ ನ್ಯಾಯವಾಗಿಯೇ ಸಲ್ಲುತ್ತದೆ, ಏಕೆಂದರೆ ಅದನ್ನು ಆರಿಸಿಕೊಂಡವರು ಅವರೇ. ಮಕ್ಕಳ ಪರವಾಗಿ ತಂದೆತಾಯಿಯರು ಅಮೆರಿಕದ ಪೌರತ್ವವನ್ನು ತ್ಯಜಿಸಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿಲ್ಲ, ಹದಿನೆಂಟರೊಳಗಿನವರು ತಾವೇ ಕೇಳಿದರೂ ಅದು ಅವರ ಸ್ವಂತ ಅರಿವಿನ ನಿರ್ಧಾರವೇ ಎಂದು ವಿಶೇಷವಾಗಿ ಶೋಧಿಸಲಾಗುತ್ತದೆ. ಐದು ವರ್ಷ ಒಸಿಐ ಆಗಿದ್ದು ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಭಾರತದಲ್ಲಿ ನೆಲೆಸಿದವರಿಗೆ ಪೌರತ್ವ ಕೊಡುವ, ಭಾರತದ ಪೌರತ್ವ ಕಾಯಿದೆಯ 5ನೆಯ ಪ್ರಕರಣದ ಅವಕಾಶವೂ ವಯಸ್ಕರಿಗೇ ಮೀಸಲು. ನೀಟ್ ಪರೀಕ್ಷೆಯ ಅರ್ಹತೆಯಾದರೋ ಹದಿನೇಳನೆಯ ವಯಸ್ಸಿಗೇ ಶುರುವಾಗುತ್ತದೆ, ಪಿಯುಸಿ ಮುಗಿಸಿದ ಅನೇಕ ವಿದ್ಯಾರ್ಥಿಗಳು ಅದನ್ನು ಬರೆಯುವುದು ಆ ವಯಸ್ಸಿನಲ್ಲಿಯೇ, ಮತ್ತು ಯಾವ ಸೀಟಿಗೆ ಸ್ಪರ್ಧಿಸಬಹುದೆಂಬುದು ನಿಗದಿಯಾಗುವುದು ಆ ವರ್ಷದ ಅರ್ಜಿಯಲ್ಲಿ ತುಂಬಿದ ಪೌರತ್ವದ ಮೇಲೆಯೇ.