ಮೂರನೇ ಕಾಲಂ

ಮಗ ಬ್ಯಾಂಕಾಕಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಈ ಬೇಸಿಗೆ ರಜೆಗೆ ಸೊಸೆ, ಮೊಮ್ಮಗಳು ಅಲ್ಲಿಗೆ ಹೊರಟಿದ್ದಾರೆ. ಆರನೇ ಕ್ಲಾಸಿನ ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದಳು: ಇಂಗ್ಲಿಷ್, ಥಾಯ್, ಕನ್ನಡ. ಮೊದಲೆರಡನ್ನು ಅಪ್ಪನ ಹತ್ತಿರ ಫೋನಿನಲ್ಲಿ ಕೇಳಿ ತುಂಬಿಸಿದಳು. ಕನ್ನಡದ್ದು ನನ್ನ ಪಾಲಿಗೆ ಬಂತು. ಲೆಡ್ಜರ್ ಬರೆದ ಕೈ, ಐದು ನಿಮಿಷದ ಕೆಲಸ ಅಂದುಕೊಂಡೆ.

‘ಹಲೋ’ಗೆ ಥಾಯ್‌ನಲ್ಲಿ ‘ಸವತ್‌ದೀ’. ನಮ್ಮ ‘ಸ್ವಸ್ತಿ’ಯೇ ಅದು, ಮಕ್ಕಳೇ! ಹಳೆಯ ಕಾಲದ್ದೇನಲ್ಲ. ಬ್ಯಾಂಕಾಕಿನ ಚುಲಾಲೊಂಗ್‌ಕೊರ್ನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಫ್ರಯಾ ಉಪಕಿತ್ ಸಿಲಪಸಾನ್ ಎಂಬ ಪಂಡಿತರು ಕಟ್ಟಿಕೊಟ್ಟ ಮಾತು. 1943ರಲ್ಲಿ ಸರ್ಕಾರವೇ ಎಲ್ಲರೂ ಹೀಗೆ ಹೇಳಿ ಎಂದಿತು. ಅದಕ್ಕೂ ಮೊದಲಿಂದ ಇರುವುದು ‘ಪೈ ನೈ’, ಎಲ್ಲಿಗೆ ಹೊರಟಿರಿ. ‘ಕಿನ್ ಖಾವ್ ರೂ ಯಂಗ್’, ಅನ್ನ ಉಂಡಾಯಿತಾ. ನಮ್ಮ ಸೋಮವಾರದ ಸಂತೆಯಲ್ಲಿ ಒಂದು ಸುತ್ತು ಬನ್ನಿ, ಇದೇ ಎರಡು ಪ್ರಶ್ನೆ ಹತ್ತು ಸಲ ಕೇಳಿಸುತ್ತದೆ. ಉತ್ತರ ಯಾರಿಗೂ ಬೇಕಿಲ್ಲ!

‘ಪ್ಲೀಸ್’ ಹತ್ತಿರ ನನ್ನ ಪೆನ್ನು ನಿಂತಿತು. ‘ದಯವಿಟ್ಟು’ ಬೋರ್ಡಿನ ಮೇಲಿರುವ ಮಾತು. ಮನೆಯಲ್ಲಿ ‘ಸ್ವಲ್ಪ ನೀರು ಕೊಡಿ’ ಅನ್ನುತ್ತೇವೆ, ಚೊಂಬು ತುಂಬ ಕುಡಿಯುತ್ತೇವೆ. ಥಾಯ್‌ನವರೂ ‘ಖೋ ನಾಮ್ ನೋಯ್’ ಅನ್ನುತ್ತಾರೆ. ನೋಯ್ ಅಂದರೆ ಸ್ವಲ್ಪ. ‘ಥ್ಯಾಂಕ್ಸ್’ಗೆ ‘ಖೊಪ್ ಖುನ್’. ಆ ಖುನ್ ನಮ್ಮ ‘ಗುಣ’.

ಇಷ್ಟು ಕಲಿತ ಹುರುಪಿನಲ್ಲಿ ವಿಡಿಯೋ ಕಾಲ್‌ನಲ್ಲಿ ಮಗನ ಮನೆಯ ಯಜಮಾನಿಗೆ ಕೈಮುಗಿದು ‘ಸವತ್‌ದೀ ಖಾ’ ಅಂದೆ. ಆಕೆ ನಕ್ಕರು, ಮಗ ಇನ್ನೂ ಜೋರಾಗಿ ನಕ್ಕ. ಮಾತಿನ ಕೊನೆಗೆ ಮರ್ಯಾದೆಗೆ ಹೆಂಗಸರು ‘ಖಾ’ ಅನ್ನಬೇಕು, ಗಂಡಸರು ‘ಖ್ರಪ್’. ನಾನು ಮೊಮ್ಮಗಳ ಪುಸ್ತಕ ನೋಡಿ ಉರು ಹೊಡೆದಿದ್ದೆ!

ಕೊನೆಯ ಸಾಲು ‘ಸಾರಿ’. ಥಾಯ್‌ನಲ್ಲಿ ‘ಖೋ ಥೋತ್’. ಖೋ ಅಂದರೆ ಕೇಳಿಕೊಳ್ಳುವುದು, ಥೋತ್ ನಮ್ಮ ‘ದೋಷ’. “ಕನ್ನಡದಲ್ಲಿ ಏನು ತಾತ? ಕ್ಷಮಿಸಿ ಅಂತ ಬರೀಲಾ?” ಅಂದಳು. ಅಡುಗೆಮನೆಯಿಂದ ನಮ್ಮ ಮನೆಯಾಕೆ, “ನಿಮ್ಮ ತಾತನ್ನ ಕೇಳ್ಬೇಡ ಪುಟ್ಟಿ, ಅವರಿಗೆ ಆ ಮಾತು ಅಭ್ಯಾಸ ಇಲ್ಲ” ಅಂದಳು.

ಅದು ನಿಜ. ಒಮ್ಮೆ ಕೌಂಟರಿನಲ್ಲಿ ಪೆನ್ಷನ್ ತೆಗೆದುಕೊಂಡ ಅಜ್ಜಿಯೊಬ್ಬರು, “ನೂರು ರೂಪಾಯಿ ಕಮ್ಮಿ ಇದೆ ಸ್ವಾಮಿ” ಅಂದರು. ಸಾಲಿನಲ್ಲಿದ್ದವರೆದುರು ರೇಗಿ ಕಳಿಸಿದೆ. ಸಂಜೆ ಕ್ಯಾಶ್ ಲೆಕ್ಕದಲ್ಲಿ ನೂರು ಹೆಚ್ಚಿಗೆ ಬಂತು. ಮುಂದಿನ ತಿಂಗಳು ಹಣ ಕೊಟ್ಟು “ಸಾರಿ ಅಮ್ಮ” ಅಂದೆ. ಅವರಿಗೆ ಅರ್ಥವಾಗಲಿಲ್ಲ. “ಎಷ್ಟು ಸಾರಿ ಸ್ವಾಮಿ?” ಅಂದರು. ಸಾಲಿನಲ್ಲಿ ಯಾರೋ ನಕ್ಕರು. ನಾನು ಬಿಡಿಸಿ ಹೇಳಲಿಲ್ಲ, ಮುಂದಿನವರನ್ನು ಕರೆದೆ.

“ಆ ಅಜ್ಜಿ ಆಮೇಲೆ ಬಂದ್ರಾ ತಾತ?”

“ಬರ್ತಿದ್ರು, ಪ್ರತಿ ತಿಂಗಳು. ಪಕ್ಕದ ಕೌಂಟರಿಗೆ.”

ಅವಳು ಪೆನ್ನು ನನ್ನ ಕೈಗೆ ಕೊಟ್ಟಳು. ಮೂರನೇ ಕಾಲಂನಲ್ಲಿ ‘ತಪ್ಪಾಯ್ತು’ ಅಂತ ನಾನೇ ಬರೆದೆ.